ಹಿಮಕ್ಕೆ ಓದಲು ಬರುವುದಿಲ್ಲ

ಮನೆಗೆ ಯಾರೇ ಬರಲಿ, ನಮ್ಮ ಹಿರಿಯರು ಮೊದಲು ಕೈ ನೀಡುತ್ತಿದ್ದುದು ಮನುಷ್ಯನಿಗಲ್ಲ, ಕಾರಿಗೆ. ಅಂಗಳದಲ್ಲಿ ಗಾಡಿ ನಿಂತು, ಬಾಗಿಲು ತೆರೆದು, ಇಳಿದವರು "ಅಸ್ಸಲಾಮು ಅಲೈಕುಂ" ಎನ್ನುವ ಹೊತ್ತಿಗೆ ಅವರು ಆಗಲೇ ಸೊಂಟ ಬಗ್ಗಿಸಿ, ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಬರಿಯ ಅಂಗೈಯನ್ನು ಮುಂದಿನ ಟೈರಿನ ಮೇಲೆ ಇರಿಸಿಯಾಗಿರುತ್ತಿತ್ತು. ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟುವಂತೆ ಮುಟ್ಟಿ, ಹೆಬ್ಬೆರಳಿನ ಉಗುರನ್ನು ರಬ್ಬರಿನೊಳಕ್ಕೆ ಒತ್ತಿ, ಅದು ಎಷ್ಟು ತಗ್ಗಿತೆಂಬುದನ್ನು ಕಣ್ಣುಮುಚ್ಚಿ ಅಳೆದು, ಆಮೇಲೆ ನಿಧಾನವಾಗಿ ಎದ್ದು ನಿಂತು "ವಾಲೈಕುಂ" ಎನ್ನುತ್ತಿದ್ದರು. ಆ ಒಂದು ಶಬ್ದದ ಏರಿಳಿತದಲ್ಲೇ ಬಂದವರಿಗೆ ತಮ್ಮ ಟೈರಿನ ಯೋಗ್ಯತೆ ತಿಳಿದುಹೋಗುತ್ತಿತ್ತು.

ಅವರು ನನ್ನ ಗಂಡನ ಅಜ್ಜ. ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಬಾಯಿಗೆ ಬಾರದ ಹೆಸರು ಲೇಖನಿಗೂ ಬಾರದು. ಆದ್ದರಿಂದ ಈ ಬರಹದಲ್ಲಿ ಅವರು ಬರಿಯ ಅತಾ, ಎಂದರೆ ಮನೆಯ ಹಿರಿಯ. ಬೇರೆಯವರು ಹೆಸರು ಹಿಡಿದು ಕರೆದಲ್ಲಿ ಹಾಗೆಯೇ ಬರೆಯುತ್ತೇನೆ. ಆ ಪಾಪ ಕರೆದವರಿಗಿರಲಿ. ತೋ-ಅಶೂ ಘಾಟಿಯ ಬುಡದಲ್ಲಿ, ಕಮರಿಯೊಳಕ್ಕೆ ರಸ್ತೆ ನುಗ್ಗುವ ಮೊದಲು ಸಿಗುವ ಕೊನೆಯ ಮನೆ ನಮ್ಮದು. ಆ ಘಾಟಿಯ ರಸ್ತೆ ಕಾಯುವ ಠಾಣೆಗೆ ಅತಾ ಬಹುಕಾಲ ಯಜಮಾನಿಕೆ ಮಾಡಿದವರು. ನಿವೃತ್ತರಾದರೂ ಯಜಮಾನಿಕೆಯನ್ನು ಮಾತ್ರ ಯಾರಿಗೂ ಒಪ್ಪಿಸಿರಲಿಲ್ಲ.

ಅವರ ನಡಿಗೆಯನ್ನು ಮೊದಲ ಸಲ ನೋಡಿದಾಗ, ಹೊಸ ಸೊಸೆಯಾಗಿದ್ದ ನಾನು ತಲೆಗೆ ಕಟ್ಟಿದ ವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡು ನಗು ತಡೆದಿದ್ದೆ. ನಡುಬೇಸಿಗೆಯ ಬಿಸಿಲಿನಲ್ಲಿ, ಕೋಳಿಗಳು ಧೂಳಿನಲ್ಲಿ ಮೀಯುತ್ತಿದ್ದ ಓಣಿಯಲ್ಲಿಯೂ ಅವರು ಪಾದವನ್ನು ಪೂರ್ತಿ ಚಪ್ಪಟೆಯಾಗಿ ಊರಿ, ದೇಹದ ಭಾರವನ್ನು ಅರೆಗಳಿಗೆ ಹಿಂದೆ ಹಿಡಿದು, ನೆಲ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಿದ್ದರು. ಭೂಮಿಯೆಲ್ಲ ಮೂಲತಃ ಮಂಜುಗಡ್ಡೆ, ಮಣ್ಣೆಂಬುದು ಅದರ ಮೇಲಿನ ತಾತ್ಕಾಲಿಕ ಹೊದಿಕೆ ಎಂಬುದು ಅವರ ಸಿದ್ಧಾಂತವಾಗಿದ್ದಿರಬೇಕು. ಕುರಿದೊಗಲಿನ ಅವರ ಉದ್ದ ಕೋಟಿನ ಮೊಳಕಾಲಿನ ಭಾಗ ಚಕ್ರಗಳ ಪಕ್ಕದಲ್ಲಿ ಕೂತು ಕೂತು ಕರ್ರಗಾಗಿತ್ತು, ಬಲಗೈಯ ತೋಳು ಸದಾ ಮಡಚಿರುತ್ತಿತ್ತು, ಜೇಬಿನಲ್ಲಿ ಒಣಮೊಸರಿನ ಉಂಡೆಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಮಾತಿನಲ್ಲೋ, ಏನೇ ವಾದ ಬರಲಿ, ಅದನ್ನು ಮುಗಿಸಲು ಅವರ ಬಳಿ ಒಂದೇ ಬೀಗವಿತ್ತು: "ಅದು ಬೇರೆ, ಇದು ಬೇರೆ."

ದೂರದ ದಾರಿ ಹೊರಡುವವರಿಗೆ ಹಿರಿಯರು ಎರಡೂ ಅಂಗೈಗಳನ್ನು ಮುಖದ ಮುಂದೆ ಬಿಡಿಸಿ, ನಾಲ್ಕು ಒಳ್ಳೆಯ ಮಾತು ಹರಸಿ, "ಓಮಿನ್" ಎಂದು ಮುಖ ಸವರಿಕೊಳ್ಳುವುದು ನಮ್ಮ ಬಾತಾ. ಬಾತಾ ಇಲ್ಲದೆ ನಮ್ಮ ಜನ ಪಕ್ಕದ ಊರಿಗೆ ಹೊರಡಲೂ ಕಾಲು ತೆಗೆಯುವುದಿಲ್ಲ. ಅತಾ ಬೇಸಿಗೆಯಲ್ಲಿ ಈ ಹರಕೆಯನ್ನು ಧಾರಾಳವಾಗಿ ಹಂಚುತ್ತಿದ್ದರು, ಮೇಯಲು ಹೊರಟ ಕುರಿಗಳನ್ನೂ ಬಿಡುತ್ತಿರಲಿಲ್ಲ. ಮೊದಲ ಹಿಮ ಬಿದ್ದ ದಿನದಿಂದ ಮಾತ್ರ ಅವರ ಕೈ ಬಿಗಿ. ಘಾಟಿ ಹತ್ತುವ ಕಾರಿನ ಟೈರು ಮುಟ್ಟಿ ಮನಸ್ಸಿಗೆ ಬಾರದಿದ್ದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಬೈದರೂ, ಬೇಡಿದರೂ, ದೇವರ ಹೆಸರೆತ್ತಿದರೂ ಆ ಕೈಗಳು ಮುಂದೆ ಬರುತ್ತಿರಲಿಲ್ಲ. ಊರಿನ ಪೋಲಿಗಳು ಅವರಿಗೆ 'ಟೈರಿನ ಮುಲ್ಲಾ' ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರೂ ಹೊರಡುವ ಮುನ್ನ ನಮ್ಮ ಗೇಟಿನ ಮುಂದೆ ನಿಲ್ಲಿಸದೆ ಹೋಗುತ್ತಿರಲಿಲ್ಲ.

ನನ್ನ ತಮ್ಮ ಎರ್ಮೆಕ್ ರಾಜಧಾನಿ ಬಿಷ್ಕೆಕ್‌ನ ಬ್ಯಾಂಕಿನಲ್ಲಿರುವವನು. ಅಮೆರಿಕದಲ್ಲಿ ಎಲ್ಲೋ ಗುದ್ದಿಸಿಕೊಂಡು, ಹಡಗು ಹತ್ತಿ, ನಮ್ಮ ಸಂತೆಗೆ ಬಂದು ರಿಪೇರಿಯಾದ ಕಾರೊಂದನ್ನು ಕೊಂಡು ಮೆರೆಯುತ್ತ ಬಂದಿದ್ದ. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಹಾಕಿದ್ದ ಟೈರುಗಳು ಹಾಗೇ ಇದ್ದವು. ಘಾಟಿಯಾಚೆ ಗೆಳೆಯರ ಮನೆಗೆ ಹೋಗುವವನಿದ್ದ. ಅತಾ ಉಗುರು ಒತ್ತಿ ನೋಡಿ ಕೈ ಹಿಂದೆ ಕಟ್ಟಿದರು.

"ಅತಾ, ಇಲ್ಲಿ ನೋಡಿ, ಟೈರಿನ ಮೇಲೇ ಬರ್ದಿದೆ. ಎಲ್ಲ ಕಾಲಕ್ಕೂ ಆಗುತ್ತೆ ಅಂತ. ಕೆಸರಿಗೂ ಸೈ, ಹಿಮಕ್ಕೂ ಸೈ."

"ನೀನು ಓದಿದೆ, ಸರಿ. ಹಿಮಕ್ಕೆ ಓದೋಕೆ ಬರುತ್ತಾ?"

"ಕಾರ್ಖಾನೆಯವರು ಸುಳ್ಳು ಬರೀತಾರಾ?"

"ಸುಳ್ಳು ಅಂದ್ನಾ ನಾನು? ಬಿಷ್ಕೆಕ್‌ನಲ್ಲಿ ಬ್ರೆಡ್ ತರೋಕೆ ಹೋಗ್ತೀಯ, ಕೆಲಸಕ್ಕೆ ಹೋಗ್ತೀಯ, ಅಲ್ಲಿಗೆ ಸಾಕು. ಬೀದಿಗೆ ಉಪ್ಪು ಹಾಕ್ತಾರೆ, ಸಪಾಟು ನೆಲ, ಜಾರಿದ್ರೂ ಪಕ್ಕದ ಗಾಡಿಗೆ ಗುದ್ದಿ ನಿಲ್ತೀಯ. ಘಾಟೀಲಿ ಪಕ್ಕದಲ್ಲಿ ಗಾಡಿ ಇರಲ್ಲ ಕಣೋ, ಪಾತಾಳ ಇರುತ್ತೆ. ಅದು ಬೇರೆ, ಇದು ಬೇರೆ."

"ಇದು ನಾಲ್ಕೂ ಚಕ್ರ ಎಳೆಯೋ ಗಾಡಿ."

"ಹೊರಡೋಕೆ ನಾಲ್ಕು ಕಾಲು, ಒಪ್ಪಿದೆ. ನಿಲ್ಲೋಕೆ?"

ಚಳಿ ಏರಿದ ಹಾಗೆಲ್ಲ ಆ ರಬ್ಬರು ಒಣಗಿದ ತೊಗಲಿನ ಹಾಗೆ ಬಿರುಸಾಗುತ್ತದೆಂದೂ, ಚಳಿಗಾಲಕ್ಕೆಂದೇ ಮಾಡಿದ್ದು ಮೆತ್ತಗೆ ಉಳಿದು ಹಿಮವನ್ನು ಕಚ್ಚುತ್ತದೆಂದೂ, ಹಿಮಗಟ್ಟಿದ ನೆಲಕ್ಕೆ ಇಳಿಸುವ ಕುದುರೆಗೆ ಮುಳ್ಳಿನ ಲಾಳ ಕಟ್ಟುವುದನ್ನು ಮರೆಯದ ಗಂಡಸರು ಕಾರು ಕಂಡೊಡನೆ ಬುದ್ಧಿಯನ್ನು ಮನೆಯಲ್ಲೇ ಕಟ್ಟಿಹಾಕಿ ಹೊರಡುತ್ತಾರೆಂದೂ ಅತಾ ಅವನಿಗೆ ಚಹಾ ಆರುವ ತನಕ ಬೋಧಿಸಿದರು. ಅವನು ಮುಖ ಊದಿಸಿಕೊಂಡು ಬಿಷ್ಕೆಕ್‌ಗೇ ವಾಪಸಾದ. ತವರಿನ ಮಾನ ಹೋಯಿತೆಂದು ನಾನು ಎರಡು ದಿನ ಅತಾ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರೋ ನನ್ನ ಸಿಟ್ಟನ್ನು ಗಮನಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಆಗ ನನ್ನ ಅತ್ತೆ, ಹಿಟ್ಟು ನಾದುತ್ತ, ಒಮ್ಮೆ ಮಾತ್ರ ಹೇಳಿದ ಕಥೆ ಇದು. ಅತಾ ಇನ್ನೂ ಠಾಣೆಯಲ್ಲಿದ್ದ ಕಾಲದಲ್ಲಿ ಸಾಗಿನ್ ಎಂಬ ಪ್ರಾಣಸ್ನೇಹಿತ ಹೊಸ ಕಾರಿನಲ್ಲಿ ಬಂದು ಮನೆಯಲ್ಲಿ ಉಂಡು ಹೊರಟಿದ್ದ. ಹಿಮ ಆಗತಾನೆ ಹಿಡಿದಿತ್ತು. ಟೈರು ನೋಡಿ ಅತಾಗೆ ಮನಸ್ಸು ಹಿಂಜರಿದಿತ್ತು. ಆದರೆ ಮನೆಯ ಉಪ್ಪು ತಿಂದ ಅತಿಥಿ ಕೈ ಚಾಚಿ ನಿಂತಾಗ ಹರಸದಿರುವುದುಂಟೇ? ದಾಕ್ಷಿಣ್ಯಕ್ಕೆ ಕೈಯೆತ್ತಿ ಬಾತಾ ಕೊಟ್ಟರು. ಹಿರಿಯರ ಹರಕೆ ಸಿಕ್ಕಿತೆಂದು ಸಾಗಿನ್ ನಿಶ್ಚಿಂತನಾಗಿ ಹೋದ. ಘಾಟಿಯ ನೆತ್ತಿಯ ಸುರಂಗದ ಕೆಳಗಿನ ತಿರುವಿನಲ್ಲಿ ಪಾತಾಳಕ್ಕೆ ಜಾರಿದ ಅವನ ಹೆಣವನ್ನು ಮೇಲೆ ತರಲು ಹಗ್ಗ ಹಿಡಿದು ಇಳಿದದ್ದೂ ಹರಸಿದ ಅವೇ ಕೈಗಳು. "ಬಾಯಿ ದಾಕ್ಷಿಣ್ಯಕ್ಕೆ ಬೀಳಬಹುದು, ಕೈ ಬೀಳಬಾರದು ಅಂತಿದ್ರು ಮಾವ," ಎಂದು ಅತ್ತೆ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದರು. ನಾನು ಎದ್ದುಹೋಗಿ ಅತಾಗೆ ಹೊಸ ಚಹಾ ಮಾಡಿಕೊಟ್ಟೆ.

ಇಂಥ ಮನುಷ್ಯನ ಮೊಮ್ಮಗಳು, ನನ್ನ ನಾದಿನಿ ಐಜಿರೆಕ್, ಘಾಟಿಯಾಚೆಯ ತಲಾಸ್‌ನವನನ್ನೇ ಮೆಚ್ಚಬೇಕೇ? ಹುಡುಗ ನುರ್ದೋಲೊತ್ ಸಾಧು. ಅವನ ತಂದೆ ಒರೋಜಾಲಿ ಹುರುಳಿಕಾಯಿ ಬೀಜದ ದೊಡ್ಡ ವ್ಯಾಪಾರಿ. ಫೋಟೋ ತೆಗೆಯುತ್ತಿದ್ದಾರೇನೋ ಎಂಬಂತೆ ಸದಾ ಎದೆ ಸೆಟೆದು ಕೂರುವ ಆಸಾಮಿ. ಡಿಸೆಂಬರಿನ ಒಂದು ಒಣ ಬಿಸಿಲಿನ ದಿನ ಅವರು, ಅವರ ಹೆಂಡತಿ ಬುರುಲ್, ಮಗ, ಮೂವರೂ ಸೊಸೆಯನ್ನು ಕರೆದೊಯ್ಯಲು ಬಂದಿಳಿದರು. ಕಾರು ಅಮೆರಿಕದ್ದೇ, ಕರಿಯದು, ಎಮ್ಮೆಯಷ್ಟು ಮಿರುಗುತ್ತಿತ್ತು. ಒರೋಜಾಲಿ ಎರಡೂ ಕೈ ಚಾಚಿ ಮುಂದೆ ಬಂದರೆ ಅತಾ ಆಗಲೇ ಚಕ್ರದ ಬಳಿ ಕೂತಾಗಿತ್ತು. ಬೀಗರ ಕೈ ಗಾಳಿಯಲ್ಲೇ ಉಳಿಯಿತು.

"ನಿಮ್ಮ ಹಿರಿಯರಿಗೆ ಬೀಗರಿಗಿಂತ ಗಾಡಿ ಮೇಲೇ ಕಣ್ಣು," ಎಂದು ಅವರು ನಕ್ಕರು. ಆ ನಗುವಿನಲ್ಲಿ ಮೊಳೆಯಿತ್ತು.

ಅತಾ ಎದ್ದು ಅಪ್ಪಿಕೊಂಡರು. ಸಂಜೆಯ ಔತಣದಲ್ಲಿ ಗೌರವಕ್ಕೆಂದು ಕುರಿಯ ತಲೆಯನ್ನು ಬೀಗರ ಮುಂದೆ ಇಟ್ಟು, ಹಾಡಿಸಿ, ನಗಿಸಿ, ಯಜಮಾನಿಕೆಯನ್ನು ಚೆನ್ನಾಗಿಯೇ ನಡೆಸಿದರು. ಒರೋಜಾಲಿಯವರ ಕಣ್ಣು ಮಾತ್ರ ಕಿಟಕಿಯಾಚೆ ಲಾಯದಲ್ಲಿದ್ದ ತೋರು ಎಂಬ ಕುದುರೆಯ ಮೇಲಿತ್ತು. ಹೊರಡುವ ಬೀಗರಿಗೆ ಚಪಾನ್ ಎಂಬ ನಿಲುವಂಗಿ ಹೊದಿಸಿ, ಅನುಕೂಲವಿದ್ದವರು ಕುದುರೆಯನ್ನೂ ಕೊಟ್ಟು ಗೌರವಿಸುವುದನ್ನು ನಾವು 'ಕುದುರೆ ಹತ್ತಿಸುವುದು' ಎನ್ನುತ್ತೇವೆ. ತೋರು ಕೆಂಗಂದು ಬಣ್ಣದ ಜಾತಿ ಕುದುರೆ. ಅದರ ಬೆನ್ನ ಮೇಲೆ ತುಂಬಿದ ಬಟ್ಟಲು ಹಿಡಿದು ಕೂತರೂ ಚೆಲ್ಲದಷ್ಟು ಸಮನಡಿಗೆ. ಮರಿಯಾಗಿದ್ದಾಗಿನಿಂದ ಅತಾ ತಾವೇ ಸಾಕಿದ್ದರು. ಬೀಗರಿಗೆ ಅದೇ ಎಂದು ಊರಿಗೆಲ್ಲ ಸಾರಿಯೂ ಆಗಿತ್ತು.

ಬೆಳಗ್ಗೆ ಎದ್ದು ನೋಡಿದರೆ ಲೋಕ ಬೆಳ್ಳಗಾಗಿತ್ತು. ಹಿಮ ಇನ್ನೂ ಬೀಳುತ್ತಲೇ ಇತ್ತು.

"ಬೀಗರೇ, ಇನ್ನೆರಡು ದಿನ ಇದ್ದು ಹೋಗಿ," ಎಂದರು ಅತಾ, ಚಹಾಕ್ಕೆ ಕೂತಾಗ.

"ಅಲ್ಲಿ ಊರಿಗೆ ಊರೇ ಕಾಯ್ತಾ ಇದೆ, ಮುಕಾಂಬೆತ್ ಅಕೆ. ಕುರಿ ಕಡಿದು ಆಗಿದೆ. ಸೊಸೆ ಇವತ್ತೇ ಹೊಸ್ತಿಲು ದಾಟಬೇಕು," ಎಂದರು ಒರೋಜಾಲಿ, ಅತಾ ಹೆಸರಿಗೆ ಅಣ್ಣ ಎನ್ನುವ 'ಅಕೆ' ಸೇರಿಸಿ.

"ಟೈರು ಆಗಲ್ಲ."

"ನಿನ್ನೆ ಅದೇ ಟೈರಲ್ಲಿ ಬಂದ್ವಲ್ಲ?"

"ನಿನ್ನೆ ನೆಲ ಒಣಗಿತ್ತು. ಅದು ಬೇರೆ, ಇದು ಬೇರೆ."

ಒರೋಜಾಲಿ ಬಟ್ಟಲನ್ನು ಕೆಳಗಿಟ್ಟರು. "ನೇರವಾಗಿ ಹೇಳಿ. ನನ್ನ ಗಾಡಿ ಸರಿ ಇಲ್ಲ ಅಂತೀರೋ, ನನ್ನ ಮಗನಿಗೆ ಓಡಿಸೋಕೆ ಬರಲ್ಲ ಅಂತೀರೋ? ಬಾತಾ ಕೊಡಲ್ಲ ಅಂದ್ರೆ ಅದನ್ನೂ ಹೇಳಿಬಿಡಿ. ಹಾಗೇ ಹೋಗ್ತೀವಿ. ಹೋಗಿ ನಮ್ಮ ಜನಕ್ಕೂ ಹೇಳ್ತೀವಿ."

ಅತಾ ಕೈಯೆತ್ತದಿದ್ದರೆ ಹುಡುಗಿ ಹರಕೆಯಿಲ್ಲದೆ ಗಂಡನ ಮನೆ ಸೇರುವಳು. ಆ ಅವಮಾನವನ್ನು ತಲಾಸ್‌ನವರು ಮರೆಯರು, ಅದರ ಸುಂಕವನ್ನು ಐಜಿರೆಕ್ ಬದುಕಿಡೀ ದಿನಕ್ಕಿಷ್ಟರಂತೆ ತೆರಬೇಕು. ಕೈಯೆತ್ತಿದರೆ, ಅದೇ ಹಿಮ, ಅಂಥದೇ ಟೈರು, ಸುರಂಗದ ಕೆಳಗೆ ಅದೇ ತಿರುವು. ಮದುಮಗಳ ಜೊತೆ ಅತ್ತಿಗೆಯಾಗಿ ಹೋಗಬೇಕಾದವಳು ನಾನೇ ಆದ್ದರಿಂದ, ಸುಳ್ಳೇಕೆ, ನನಗೂ ಭಯವಾಯಿತು. ಅತಾ ಯಾರ ಮುಖವನ್ನೂ ನೋಡದೆ ಎದ್ದು ಕೋಟು ಹಾಕಿಕೊಂಡರು. ಬಾಗಿಲಲ್ಲಿ ನನ್ನ ಬಳಿ ನಿಂತು, "ಮೇಷ್ಟ್ರಮ್ಮ, ಬೀಗರಿಗೆ ಚಹಾ ಹಾಕ್ತಾ ಇರು. ನಾನು ಬರೋ ತನಕ ಬಟ್ಟಲು ಬತ್ತಬಾರದು," ಎಂದರು. ನಾನು ಶಾಲೆಯಲ್ಲಿ ಸಾಹಿತ್ಯ ಕಲಿಸುವವಳಾದ್ದರಿಂದ ಅವರಿಗೆ ನಾನು ಮೇಷ್ಟ್ರಮ್ಮ.

ಸೌದೆಗೆಂದು ಹಿತ್ತಿಲಿಗೆ ಹೋದಾಗ ಲಾಯದಲ್ಲಿ ಅವರನ್ನು ಕಂಡೆ. ತೋರುವಿನ ಕುತ್ತಿಗೆಗೆ ಹಣೆಯೊತ್ತಿ ನಿಂತಿದ್ದರು. ಆಮೇಲೆ ಹಗ್ಗ ಬಿಚ್ಚಿ, ಹತ್ತದೆ, ಅದರ ಪಕ್ಕದಲ್ಲೇ ತಮ್ಮ ಆ ಚಪ್ಪಟೆ ಹೆಜ್ಜೆ ಇಡುತ್ತ ಊರ ಕೆಳಗಿನ ಕಡೆಗೆ ಹಿಮದಲ್ಲಿ ಮರೆಯಾದರು.

ಚಹಾ ಹಾಕಿ ಹಾಕಿ ನನ್ನ ಕೈ ಸೋತಿತು, ಬೀಗರ ಹೊಟ್ಟೆ ಸೋತಿತು. ಕೊನೆಗೆ ಅಂಗಳದಲ್ಲಿ ಎಲ್ಲರೂ ಸೇರಿ, ಬೀಗರಿಗೆ ಚಪಾನ್ ಹೊದಿಸಿಯಾಗಿ, ಇನ್ನು ಕುದುರೆ ಬರಲಿ ಎಂದು ಜನವೆಲ್ಲ ಲಾಯದ ಕಡೆ ನೋಡುತ್ತಿರುವಾಗ, ಗೇಟಿನಿಂದ ಹಿಮ್ಮುಖವಾಗಿ ಒಂದು ಸಣ್ಣ ಟ್ರಕ್ಕು ಒಳಗೆ ಬಂತು. ಊರ ಕೆಳಗೆ ಟೈರಿನ ಅಂಗಡಿ ಇಟ್ಟಿರುವ ದುಂಗಾನ್ ಜನಾಂಗದ ಇಸ್ಮಾರನ ಟ್ರಕ್ಕು ಅದು. ಅದರ ಮೇಲೆ ಚಳಿಗಾಲದ ಹೊಸ ಟೈರು ತೊಟ್ಟ ನಾಲ್ಕು ಚಕ್ರಗಳಿದ್ದವು. ಪಕ್ಕದಲ್ಲಿ ಅತಾ ಕೂತಿದ್ದರು.

"ಇದೇನು?" ಎಂದರು ಒರೋಜಾಲಿ.

"ಕುದುರೆ. ಪದ್ಧತಿ ಪ್ರಕಾರ ಬೀಗರನ್ನ ಕುದುರೆ ಹತ್ತಿಸ್ತಾ ಇದ್ದೀನಿ."

"ನಮ್ಮ ತಲಾಸ್‌ನಲ್ಲಿ ಕುದುರೆಗೆ ಬಾಲ ಇರುತ್ತೆ."

ಬೇಲಿಯ ಬಳಿ ಯಾರೋ ನಕ್ಕರು. ನನ್ನ ಅತ್ತೆ ಕಣ್ಣು ಮುಚ್ಚಿಕೊಂಡರು. ಅತಾ ಟ್ರಕ್ಕಿನಿಂದಿಳಿದು ಬೀಗರ ಎದುರಿಗೆ ಬಂದು, ತಲೆಯ ಮೇಲಿನ ತುಪ್ಪಳದ ಟೋಪಿಯನ್ನು ತೆಗೆದರು. ನಮ್ಮ ಹಿರಿಯರು ಸುಮ್ಮನೆ ಯಾರ ಮುಂದೆಯೂ ಟೋಪಿ ತೆಗೆಯುವವರಲ್ಲ. ನಾನಂತೂ ಹಿಮದಲ್ಲಿ ಅವರ ಬರಿದಲೆಯನ್ನು ಕಂಡದ್ದು ಅದೊಂದೇ ಸಲ.

"ಬಾಲ ಇದ್ದ ಕುದುರೆನ ಇಸ್ಮಾರನ ಲಾಯದಲ್ಲಿ ಕಟ್ಟಿ ಬಂದೆ. ಇವು ಅದರ ನಾಲ್ಕು ಗೊರಸು. ನಿಮ್ಮ ಗಾಡಿಗೆ ಏನೂ ಕೊರತೆ ಇಲ್ಲ ಬೀಗರೇ, ನಿಮ್ಮ ಮಗನಿಗೂ ಇಲ್ಲ. ಲಾಳ ಒಂದಿರಲಿಲ್ಲ. ಮೊಮ್ಮಗಳನ್ನ ಕೊಟ್ಟೆ, ಕುದುರೆನೂ ಕೊಟ್ಟೆ. ಲಾಳ ಕಟ್ಟಿಸ್ಕೊಂಡು ಹೋಗಿ ಅನ್ನೋದು ಅವಮಾನ ಆಗಿದ್ರೆ, ಅದು ಈ ತಲೆ ಮೇಲಿರಲಿ."

ಹಿಮ ಆ ತಲೆಯ ಮೇಲೆ ಬೀಳುತ್ತಿತ್ತು. ಒರೋಜಾಲಿ ಸೆಟೆದೇ ನಿಂತಿದ್ದರು. ಮಾತಾಡಿದವರು ಅವರ ಹೆಂಡತಿ ಬುರುಲ್.

"ಕೊಟ್ಟ ಕುದುರೆನ ಬೇಡ ಅನ್ನೋ ಪದ್ಧತಿ ಎಲ್ಲಿದೆ ರೀ? ನನಗಂತೂ ನಿಮ್ಮ ಮೀಸೆಗಿಂತ ನನ್ನ ಮೂಳೆ ಮೇಲೆ ಪ್ರೀತಿ ಜಾಸ್ತಿ. ಕೀಲಿ ಕೊಡಿ ಇಲ್ಲಿ."

ಒರೋಜಾಲಿ ಕೀಲಿಯನ್ನು ಕೊಟ್ಟರು. ಮನಸ್ಸನ್ನು ಕೊಡಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಇಸ್ಮಾರ್ ಚಕ್ರಗಳನ್ನು ಬದಲಿಸುವ ತನಕ ಅತಾ ಒಂದೊಂದರ ಬಳಿಯೂ ಕೂತು ಅಂಗೈಯಿಟ್ಟು ನೋಡಿದರು. ಬಿಚ್ಚಿದ ಹಳೆಯವನ್ನು ಅವರೇ ಉರುಳಿಸಿಕೊಂಡು ಹೋಗಿ ಸೂರಿನಡಿ ಜೋಡಿಸಿದರು. ಆಮೇಲೆ ಟೋಪಿ ಹಾಕಿಕೊಂಡು, ಕಾರಿನ ಮುಂದೆ ನಿಂತು, ಕೈಗಳನ್ನು ಬಿಡಿಸಿ ಬಾತಾ ಕೊಟ್ಟರು. ದಾರಿ ಬೆಳ್ಳಗಿದ್ದರೂ ಬದುಕು ಹಸಿರಾಗಿರಲಿ, ಹೋದ ಚಕ್ರ ತಿರುಗಿ ಬರಲಿ, ಎಂದು ಅವರು ಹರಸುತ್ತಿದ್ದಾಗ ಬಿಸಿ ಸಾರು ಕುಡಿದಂತೆ ನನ್ನ ಮೈ ಬೆಚ್ಚಗಾಯಿತು. ಭಯ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಘಾಟಿಯನ್ನು ಹತ್ತಿದೆವು, ಸುರಂಗವನ್ನು ದಾಟಿದೆವು. ಆಚೆಗಿನ ಇಳುಕಲಿನಲ್ಲಿ, ಗಾಳಿ ಹಿಮವನ್ನು ಹೊಗೆಯ ಹಾಗೆ ರಸ್ತೆಯ ಮೇಲೆ ಎಳೆಯುತ್ತಿರುವಾಗ, ತಿರುವಿನಲ್ಲಿ ಲಾರಿಯೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ನಮ್ಮ ಮುಂದೆ ಹೋಗುತ್ತಿದ್ದ ಬಿಳಿಯ ಕಾರು ಬ್ರೇಕು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಅದರ ಚಕ್ರಗಳು ನಿಂತುಬಿಟ್ಟವು. ಕಾರು ಮಾತ್ರ ಹೋಗುತ್ತಲೇ ಇತ್ತು. ನಿಂತ ಚಕ್ರಗಳ ಮೇಲೆ ಓರೆಯಾಗಿ, ಸದ್ದಿಲ್ಲದೆ, ಯಾವ ಆತುರವೂ ಇಲ್ಲದೆ ಜಾರುತ್ತ ಹೋಗಿ, ಅದೃಷ್ಟಕ್ಕೆ ಬೆಟ್ಟದ ಕಡೆಯ ಹಿಮದ ಗೋಡೆಗೆ ಮೂತಿ ಚುಚ್ಚಿ ನಿಂತಿತು. ನುರ್ದೋಲೊತ್ ಬ್ರೇಕು ಒತ್ತಿದ. ನಮ್ಮ ಕಾರು ಒಳಗೊಳಗೇ ಗೊಣಗಿತು, ನಡುಗಿತು, ನಿಂತಿತು. ಪವಾಡವೇನೂ ನಡೆಯಲಿಲ್ಲ, ನಿಲ್ಲಬೇಕಾದ್ದು ನಿಂತಿತು, ಅಷ್ಟೇ. ಲಾರಿಯ ಪಕ್ಕೆಯ ಮೇಲೆ ಯಾರೋ ಬೆರಳಿನಿಂದ ಕೊಳೆಯಲ್ಲಿ ಬರೆದ ಪೋಲಿಮಾತನ್ನು ಓದಬಹುದಿತ್ತು, ಅಷ್ಟು ಹತ್ತಿರದಲ್ಲಿ.

ಒರೋಜಾಲಿ ಕೆಳಗಿಳಿದು, ಮಗನೊಡನೆ ಆ ಬಿಳಿಯ ಕಾರಿನವರನ್ನು ಹೊರಗೆ ಎಳೆದರು. ಯಾರಿಗೂ ಏನೂ ಆಗಿರಲಿಲ್ಲ. ಹಿಂತಿರುಗಿದವರು ಒಳಗೆ ಕೂರದೆ, ಕೈಗವಸನ್ನು ತೆಗೆದು, ಬಗ್ಗಿ, ಮುಂದಿನ ಟೈರಿನ ಮೇಲೆ ಬರಿಯ ಅಂಗೈಯಿಟ್ಟು ನಿಂತರು. ಬಹಳ ಹೊತ್ತು ಹಾಗೇ ನಿಂತರು.

"ಬನ್ನಿ ರೀ, ಅದಕ್ಕೆ ಜ್ವರ ಇಲ್ಲ," ಎಂದರು ಬುರುಲ್. ಹೇಳುತ್ತ ಅವರೇ ಅತ್ತುಬಿಟ್ಟರು. ಐಜಿರೆಕ್ ಅವರ ಕೈ ಹಿಡಿದುಕೊಂಡಳು. ಅತ್ತೆ ಸೊಸೆ ಹತ್ತಿರವಾದದ್ದು ಆ ಇಳುಕಲಿನಲ್ಲೇ.

ವಸಂತದಲ್ಲಿ ಒರೋಜಾಲಿ ಬಂದಾಗ ಕಾರಿನ ಹಿಂದೆ ಒಂದು ಲಾರಿಯಿತ್ತು, ಲಾರಿಯೊಳಗೆ ಬೂದುಬಣ್ಣದ ಎಳೆಯ ಕುದುರೆ. ಹಗ್ಗವನ್ನು ಅತಾ ಕೈಗೆ ಕೊಡಲು ಹೋದರೆ, ಅವರು ಹಗ್ಗ ಬಿಟ್ಟು ಕುದುರೆಯ ಕಾಲೆತ್ತಿ ಲಾಳವನ್ನು ಉಗುರಿನಿಂದ ತಟ್ಟಿ ನೋಡಿ, ಆಮೇಲೆ ಸಲಾಂ ಹೇಳಿದರು. ಕಾರಿನ ಕಡೆ ನೋಡಿ, "ಹಿಮ ಹೋಯ್ತು ಬೀಗರೇ. ಇನ್ನು ಬಿಸಿ ರಸ್ತೇಲಿ ಇವು ಸವೆದುಹೋಗ್ತವೆ. ನಿಮ್ಮ ಕಾರ್ಖಾನೆ ಟೈರು ಹಾಕ್ಕೊಳ್ಳಿ, ಈಗ ಅವೇ ಮೇಲು," ಎಂದು ಸೂರಿನಡಿಗೆ ಕರೆದೊಯ್ದರು. ಆ ನಾಲ್ಕನ್ನೂ ಚಳಿಗಾಲವಿಡೀ ಒರೆಸಿ ಇಟ್ಟಿದ್ದರು. ತೋರುವಿನ ಮಾತನ್ನು ಅವರು ಎಂದೂ ಎತ್ತಲಿಲ್ಲ; ಇಸ್ಮಾರನ ಅಂಗಡಿಯ ಮುಂದೆ ಹಾದುಹೋಗುವಾಗ ಮಾತ್ರ ಜೇಬಿನ ಉಂಡೆಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು.

ಕಳೆದ ಜನವರಿಯಲ್ಲಿ ಅತಾ ತೀರಿಕೊಂಡರು. ತಲಾಸ್‌ನಿಂದ, ಬಿಷ್ಕೆಕ್‌ನಿಂದ ಜನ ಬಂದರು, ಅತ್ತರು, ಮಣ್ಣು ಕೊಟ್ಟರು. ಹೊರಡುವ ಹೊತ್ತಾದಾಗ ಗೇಟಿನಾಚೆ ಕಾರುಗಳು ಸಾಲಾಗಿ ನಿಂತಿದ್ದವು, ಆದರೆ ಯಾರೂ ಹೊರಡಲಿಲ್ಲ. ಬಾತಾ ಕೊಡುವವರು ಯಾರು ಎಂದು ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತರು. ಆಗ ಒರೋಜಾಲಿ ಮುಂದೆ ಬಂದು, ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಮೊದಲ ಕಾರಿನ ಬಳಿ ಬಗ್ಗಿದರು. ಎದ್ದರು, ಎರಡನೆಯದರ ಬಳಿ ಬಗ್ಗಿದರು. ಎದೆ ಸೆಟೆದು ಕೂರುತ್ತಿದ್ದ ಆ ಮನುಷ್ಯ ಸಾಲಿನುದ್ದಕ್ಕೂ ಹಾಗೆ ಬಗ್ಗುತ್ತ ಏಳುತ್ತ ಬಂದು, ನನ್ನ ತಮ್ಮ ಎರ್ಮೆಕ್‌ನ ಕಾರಿನ ಬಳಿ ಉಗುರೊತ್ತಿ ತಲೆಯೆತ್ತಿದರು.

"ನೀನು ಬಿಷ್ಕೆಕ್‌ಗೆ ತಾನೇ?"

"ಹೌದು ಅಬಾ."

"ಹಾಗಾದ್ರೆ ಸಾಕು. ಘಾಟಿ ಕಡೆ ತಿರುಗಬೇಡ. ಅದು ಬೇರೆ, ಇದು ಬೇರೆ."

ಎರ್ಮೆಕ್ ವಾದಿಸಲಿಲ್ಲ. ಸಾಲು ಮುಗಿದ ಮೇಲೆ ಒರೋಜಾಲಿ ಕೊಳೆಯಾದ ಅವೇ ಕೈಗಳನ್ನು ಬಿಡಿಸಿದರು, ನಾವೆಲ್ಲರೂ ಬಿಡಿಸಿದೆವು.

ಪ್ರತಿಯೊಂದು ಘಾಟಿಯ ಬುಡದಲ್ಲೂ ಇಂಥವರೊಬ್ಬರು ಇರುತ್ತಾರೆಂದು ನಾನು ನಂಬುತ್ತೇನೆ. ಇರದಿದ್ದರೆ ಘಾಟಿಯಾಚೆಗೆ ಮದುವೆಗಳೇ ಆಗುತ್ತಿರಲಿಲ್ಲ. ಅವರ ಅಕ್ಕರೆ ಎದುರಿಗೆ ಬಂದಾಗ ಅವಮರ್ಯಾದೆಯ ಹಾಗೆ ಕಾಣುತ್ತದೆ, ಅರ್ಥವಾಗುವ ವೇಳೆಗೆ ನಾವು ಘಾಟಿ ಇಳಿದಿರುತ್ತೇವೆ. ಹರಕೆ ಮೇಲಿನಿಂದ ಇಳಿಯುವುದೆಂದು ನಾವು ಕೈಯೆತ್ತಿ ಆಕಾಶ ನೋಡುತ್ತಿರುವಾಗ, ಅವರು ನೆಲಕ್ಕೆ ಬಗ್ಗಿ ನಮ್ಮ ಕಾಲು ನೋಡುತ್ತಿರುತ್ತಾರೆ. ದೇವರು ಯಾರ ಮಾತು ಕೇಳುತ್ತಾನೋ ನನಗೆ ತಿಳಿಯದು. ನಾವು ಮನೆ ಮುಟ್ಟಿರುವುದು ಮಾತ್ರ ಆ ಬಗ್ಗಿದ ಬೆನ್ನುಗಳಿಂದ.